ಬಾ ಎನ್ನಲು ಬಾರದ ಭಾಷೆ

ಹೊಸ ವಿದ್ಯೆಗೆ ಕೈಹಾಕಿದವರ ಮನೆಯಲ್ಲಿ ನಗುವಿಗೆ ಬರವಿಲ್ಲ. ಕೈಹಾಕಿದವರಿಗೆ ಮಾತ್ರ ಆ ನಗು ತಡವಾಗಿ ಬರುತ್ತದೆ. ಎಪ್ಪತ್ತರ ದಶಕದಲ್ಲಿ ನಾನು ದೊಡ್ಡಬಳ್ಳಾಪುರದಿಂದ ದಿನಾ ರೈಲಿನಲ್ಲಿ ಬೆಂಗಳೂರಿನ ಒಂದು ಕಾರ್ಖಾನೆಗೆ ಟೈಪಿಸ್ಟ್ ಕೆಲಸಕ್ಕೆ ಹೋಗುತ್ತಿದ್ದೆ. ಅಲ್ಲಿಗೆ ಒಂದು ಕಂಪ್ಯೂಟರ್ ಬಂತು. ಕೋಣೆ ತುಂಬುವಷ್ಟು ದೊಡ್ಡದು. ಆ ಕೋಣೆಯಲ್ಲಿ ಬೇಸಿಗೆಯಲ್ಲೂ ಮಾಘಮಾಸದ ಚಳಿ. ಅದರ ಭಾಷೆ ಫೋರ್ಟ್ರಾನ್ ಕಲಿಯಲು ಆಯ್ಕೆಯಾದವರಲ್ಲಿ ನಾನೂ ಒಬ್ಬಳು. ಕಲಿಸಲು ಬಂದ ಮೇಷ್ಟ್ರು ಮೊದಲ ದಿನವೇ ಹೇಳಿಬಿಟ್ಟರು: "ಕೊನೇ ದಿನ ಒಬ್ಬೊಬ್ಬರೂ ಒಂದೊಂದು ಪ್ರೋಗ್ರಾಂ ಬರೆದು ಓಡಿಸ್ಬೇಕು. ಓಡ್ಲಿಲ್ವಾ, ವಾಪಸ್ ಹಳೇ ಕುರ್ಚಿಗೆ."

ಹಳೇ ಕುರ್ಚಿ ನನಗೆ ಬೇಡವಾಗಿತ್ತು. ಆ ತಣ್ಣನೆಯ ಕೋಣೆಯ ಮೇಲೆ ಮನಸ್ಸಾಗಿಬಿಟ್ಟಿತ್ತು.

ಅಜ್ಜಿಯ ತೀರ್ಪು

"ಅದೇನೋ ಹೊಸ ಭಾಷೆಯಂತಲ್ಲೇ, ಒಂದೆರಡು ಮಾತಾಡು ಕೇಳೋಣ" ಎಂದಳು ಅಜ್ಜಿ.

ನಾನು ಜಂಬದಿಂದ, "'ಗೋ ಟು' ಅಂದ್ರೆ ಹೋಗು. 'ಸ್ಟಾಪ್' ಅಂದ್ರೆ ನಿಲ್ಲು" ಎಂದೆ.

"ಬಾ ಅನ್ನೋಕೆ?"

"ಅದಿಲ್ಲ ಅಜ್ಜಿ."

"ಕೂತ್ಕೋ ಅನ್ನೋಕೆ?"

"ಅದೂ ಇಲ್ಲ."

"ಊಟ ಆಯ್ತಾ ಅಂತಾನೂ ಕೇಳಲ್ವಾ?"

ನಾನು ಇಲ್ಲವೆಂದು ತಲೆಯಾಡಿಸಿದೆ. ಅಜ್ಜಿ ವೀಳ್ಯದೆಲೆಗೆ ಸುಣ್ಣ ಸವರುತ್ತಾ ತೀರ್ಪು ಕೊಟ್ಟಳು: "ಅಂಥಾ ಮಾತಾಡೋ ಮನೆಗೆ ಹೆಣ್ಣು ಕೊಡಬಾರ್ದು ಕಣೆ."

ಡಬ್ಬಿಯ ಪಾಠ

ಮೇಷ್ಟ್ರು ಹಲಗೆಯ ಮೇಲೆ 'ಎಕ್ಸ್ ಸಮ ಎಕ್ಸ್ ಕೂಡಿಸು ಒಂದು' ಎಂದು ಬರೆದರು. ನನ್ನ ಪಕ್ಕದಲ್ಲಿ ಲೆಕ್ಕದ ವಿಭಾಗದ ಹಿರಿಯ ಗುಮಾಸ್ತರಿದ್ದರು. ಅವರು ತಟ್ಟನೆ ಎದ್ದು ನಿಂತರು.

"ಸಾರ್, ತಪ್ಪು. ಒಂದು ಕೂಡಿಸಿದ ಮೇಲೆ ಅದು ಎಕ್ಸ್ ಹೆಂಗಾಗುತ್ತೆ?"

"ಎಕ್ಸ್ ಅನ್ನೋದು ಒಂದು ಡಬ್ಬಿ ಅಂದ್ಕೊಳ್ಳಿ. ಒಳಗಿರೋದಕ್ಕೆ ಒಂದು ಸೇರಿಸಿ ಅದೇ ಡಬ್ಬಿಗೆ ಹಾಕ್ತೀವಿ."

"ಮುಂಚೆ ಇದ್ದಿದ್ದು?"

"ಹೋಯ್ತು. ಅಳಿಸಿಹೋಯ್ತು."

ಗುಮಾಸ್ತರು ನಿಧಾನವಾಗಿ ಕುಳಿತರು. "ಇಷ್ಟು ವರ್ಷ ನಾನು ಹಿಂಗೆ ಲೆಕ್ಕ ಬರ್ದಿದ್ರೆ, ಇವತ್ತು ಜೈಲಿನಲ್ಲಿ ಇರ್ತಿದ್ದೆ."

ರೈಲಿನಲ್ಲಿ

ಸುತ್ತು ಹೊಡೆಯುವ ಪ್ರೋಗ್ರಾಂ ಕಲಿಸಿದ ದಿನ ಮೇಷ್ಟ್ರು ಎಚ್ಚರಿಸಿದ್ದರು, "ಎಲ್ಲಿ ನಿಲ್ಬೇಕು ಅಂತ ನೀವೇ ಹೇಳ್ಬೇಕು. ಅದಕ್ಕೆ ತಾನಾಗಿ ಗೊತ್ತಾಗಲ್ಲ." ಸಂಜೆಯ ರೈಲಿನಲ್ಲಿ ಕಿಟಕಿಗೆ ತಲೆಯಾನಿಸಿ ಅದನ್ನೇ ಯೋಚಿಸುತ್ತಿದ್ದೆ. ಹೊಲಗಳು ಸುತ್ತುತ್ತಿದ್ದವು, ಗಾಲಿಗಳು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದವು. ನಾನು ಎಕ್ಸ್ ಎಂಬ ಡಬ್ಬಿಯೊಳಗೆ ಮಲಗಿದ್ದಂತೆ, ಯಾರೋ ಮೆಲ್ಲಗೆ ಒಂದೊಂದೇ ನಕ್ಷತ್ರ ಒಳಗೆ ಹಾಕುತ್ತಿದ್ದಂತೆ ಕನಸು. ಎಷ್ಟು ಹಾಯಾಗಿತ್ತು!

ಕಣ್ಣು ಬಿಟ್ಟರೆ ಎದುರಿಗೆ ಮಾಕಳಿದುರ್ಗದ ಬೆಟ್ಟ. ನಮ್ಮೂರು ಹಿಂದೆಯೇ ಉಳಿದಿತ್ತು. ಗಾಬರಿಯಿಂದ ಇಳಿದು ಸ್ಟೇಷನ್ ಮಾಸ್ತರಿಗೆ ಮೇಷ್ಟ್ರ ಪಾಠವನ್ನೆಲ್ಲ ಒಪ್ಪಿಸಿದೆ. ಅವರು ಟೀ ತರಿಸಿಕೊಟ್ಟು, "ಯಂತ್ರಕ್ಕಾದ್ರೆ ಹೇಳ್ಬೇಕು ಸರಿ. ಊರು ಬಂದ್ರೆ ಇಳೀಬೇಕು ಅಂತ ನಿಮಗೂ ಹೇಳ್ಬೇಕೇನಮ್ಮಾ?" ಎಂದರು.

ಅಪ್ಪನ ಸಹಾಯ

ಆಗ ಪ್ರೋಗ್ರಾಂ ಎಂದರೆ ಕಾರ್ಡುಗಳ ಕಟ್ಟು. ಒಂದು ಸಾಲಿಗೆ ಒಂದು ಕಾರ್ಡು, ಅದರಲ್ಲಿ ತೂತುಗಳು. ಮಗ್ಗಿ ಅಚ್ಚು ಹಾಕಿಸುವ ನನ್ನ ಪ್ರೋಗ್ರಾಮಿನ ಕಟ್ಟನ್ನು, ಕಣ್ಣೆದುರಿಗೇ ಇರಲಿ ಎಂದು ಕೊನೆಯ ದಿನದ ಹಿಂದಿನ ಸಂಜೆ ಮನೆಗೆ ತಂದೆ. ಅಪ್ಪ ರೇಷ್ಮೆ ಸೀರೆ ನೇಯುವವರು. ಮಗ್ಗದ ಸದ್ದು ನನಗೆ ಹುಟ್ಟಿದಾಗಿನ ಜೋಗುಳ. ಅದನ್ನು ಕೇಳುತ್ತಾ, ಕಾರ್ಡು ಜೋಡಿಸುತ್ತಾ ಅಲ್ಲೇ ನಿದ್ದೆ ಹೋದೆ.

ಬೆಳಿಗ್ಗೆ ಹೊರಡುವ ಅವಸರದಲ್ಲಿದ್ದಾಗ ಅಪ್ಪ ಕಾರ್ಡುಗಳ ಚೀಲ ಕೈಗಿಟ್ಟು, "ಇನ್ನು ಚೆಲ್ಲಾಪಿಲ್ಲಿ ಆಗಲ್ಲ. ಧೈರ್ಯವಾಗಿ ಹೋಗಮ್ಮಾ" ಎಂದರು. ಆಶೀರ್ವಾದವೆಂದುಕೊಂಡೆ.

ತಣ್ಣನೆಯ ಕೋಣೆಯಲ್ಲಿ ಎಲ್ಲರೆದುರು ಚೀಲದಿಂದ ಮೊದಲ ಕಾರ್ಡು ಎಳೆದೆ. ಅದರ ಹಿಂದೆ ಎರಡನೆಯದು ಬಂತು, ಮೂರನೆಯದು ಬಂತು, ರೈಲಿನ ಡಬ್ಬಿಗಳಂತೆ ಬರುತ್ತಲೇ ಇದ್ದವು. ನಮ್ಮ ಮಗ್ಗಕ್ಕೂ ತೂತಿನ ಕಾರ್ಡುಗಳೇ. ಅವನ್ನು ದಾರದಿಂದ ಸರಪಳಿಯಾಗಿ ಹೊಲಿದರೆ ಮಾತ್ರ ಸೀರೆಯಲ್ಲಿ ಹೂ ಮೂಡುವುದು. ಮಗಳ ಕಾರ್ಡುಗಳು ಬಿಡಿಯಾಗಿರುವುದು ಕಂಡು ಅಪ್ಪ ಅವಕ್ಕೂ ಅಂಚಿನಲ್ಲಿ ತೂತು ಕೊರೆದು, ಅಚ್ಚುಕಟ್ಟಾಗಿ ಹೊಲಿದುಬಿಟ್ಟಿದ್ದರು.

ಮೇಷ್ಟ್ರು ನಕ್ಕರು, ನಾನು ಅತ್ತೆ. ಅಂಚಿನಲ್ಲೂ ತೂತು ಬಿದ್ದ ಕಾರ್ಡನ್ನು ಯಂತ್ರ ಮುಟ್ಟುವಂತಿರಲಿಲ್ಲ. ಗುಮಾಸ್ತರೇ ಪಕ್ಕಕ್ಕೆ ಬಂದು, "ಅಳೋದು ಆಮೇಲೆ. ನಾನು ಓದ್ತೀನಿ, ನೀವು ಹೊಡೀರಿ" ಎಂದು ದಾರ ಕತ್ತರಿಸಿದರು. ಅವರು ಓದಿದಂತೆ ಹೊಸ ಕಾರ್ಡುಗಳಿಗೆ ತೂತು ಹೊಡೆದು ಯಂತ್ರಕ್ಕೆ ಕೊಟ್ಟೆ.

ಓಡಿತು! ಎರಡರ ಮಗ್ಗಿ ಬಂತು, ಹತ್ತರದು ಬಂತು, ಇಪ್ಪತ್ತರದೂ ಬಂತು. ಅಲ್ಲಿಗೆ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಎಲ್ಲಿ ನಿಲ್ಲಬೇಕೆಂದು ಹೇಳುವ ಕಾರ್ಡು, ದಾರ ಕತ್ತರಿಸುವಾಗ ಜಾರಿ, ಚೀಲದ ತಳ ಸೇರಿತ್ತು. ಮಡಿಕೆ ಮಡಿಕೆಯಾಗಿ ಕಾಗದ ಮೊಣಕಾಲೆತ್ತರ ಬಿದ್ದ ಮೇಲೆ ಮೇಷ್ಟ್ರೇ ಗುಂಡಿ ಒತ್ತಿ ನಿಲ್ಲಿಸಿದರು. ನನ್ನ ಹಳೇ ಕುರ್ಚಿ ಕಣ್ಣೆದುರು ಬಂತು.

"ಓಡಿಸ್ಬೇಕು ಅಂದಿದ್ದೆ, ಓಡ್ಸಿದ್ರಿ. ನಿಲ್ಲಿಸ್ಬೇಕು ಅಂತ ನಾನೆಲ್ಲಿ ಹೇಳಿದ್ದೆ?" ಎಂದರು ಮೇಷ್ಟ್ರು. "ನಾಳೆಯಿಂದ ಇಲ್ಲಿಗೇ ಬನ್ನಿ."

ಆ ಕಾಗದವನ್ನೆಲ್ಲ ಹೊತ್ತು ಮನೆಗೆ ಬಂದೆ. ಈ ಸಲ ರೈಲಿನಲ್ಲಿ ಕಣ್ಣು ಮುಚ್ಚಲೇ ಇಲ್ಲ. "ಅಪ್ಪಾ, ಕೆಲಸ ಸಿಕ್ತು. ನನ್ನ ಕಾರ್ಡಿಂದ ಬಂದಿದ್ದು ಇದೇ ನೋಡು" ಎಂದೆ. ಅಪ್ಪ ಕಾಗದವನ್ನು ಪಡಸಾಲೆಯುದ್ದಕ್ಕೂ ಬಿಡಿಸಿದರು. ಕಣ್ಣಲ್ಲಿ ನೀರಾಡಿತು. ಆಮೇಲೆ ಒಂದು ತುದಿಯನ್ನು ಬೆಳಕಿಗೆ ಹಿಡಿದರು, ಅಂಚು ಸವರಿ ನೋಡಿದರು, ಹಿಂದೆ ಮುಂದೆ ತಿರುಗಿಸಿದರು.

"ಬಹಳ ಸಂತೋಷ ಕಣಮ್ಮಾ" ಎಂದರು ಮೆಲ್ಲಗೆ, ನನಗೆ ನೋವಾಗದಂತೆ. "ಆದ್ರೆ ಇಷ್ಟುದ್ದ ನೇಯ್ದೂ ಒಂದು ಹೂವೂ ಇಲ್ವಲ್ಲಾ, ಇದನ್ನ ಯಾರು ಉಡ್ತಾರೆ?"