ಇಪ್ಪತ್ತಮೂರು ಕೋಟಿಯ ಬೀಗ

ಗೋವಾದ ಫೋಂಡಾದಲ್ಲಿ ಇಡೀ ನೌಕರಿ ಗಣಿತ ಕಲಿಸಿದವನು ನಾನು. ಅಂಥವನ ಫೋನಿಗೆ ೧೨೩೪ ಎಂಬ ಬೀಗವೇ? ಛೇ! ನಾನು ಇಟ್ಟದ್ದು ೨೩,೨೭,೯೨,೫೬೦. ಒಂದರಿಂದ ಇಪ್ಪತ್ತರವರೆಗೆ ಯಾವುದರಿಂದ ಭಾಗಿಸಿದರೂ ಶೇಷ ಉಳಿಯದ ಅತಿ ಚಿಕ್ಕ ಸಂಖ್ಯೆ ಅದು.

"ಇಷ್ಟುದ್ದ ನಂಬರ್ ನೆನಪಿರ್ತದೇನ್ರಿ?" ಎಂದಳು ಹೆಂಡತಿ ಸುಮಿತ್ರಾ.

"ನೆನಪಿಡೋದು ದಡ್ಡರ ಕೆಲಸ. ನಾ ಲೆಕ್ಕಾ ಮಾಡಿ ತಗೀತೀನಿ!"

ದಿನಾ ಬೆರಳು ಒತ್ತಿದರೆ ಫೋನು ತೆರೆಯುತ್ತಿತ್ತು. ಲೆಕ್ಕದ ಪ್ರಸಂಗ ಬಂದದ್ದು ತಂಗಿಯ ಮಗಳು ಪಲ್ಲವಿಯ ಮದುವೆಯ ದಿನ. ಮದುವೆ ದೆಹಲಿಯಲ್ಲಿ, ನಾವು ಹೊರಟದ್ದು ಅಂದಿನ ಬೆಳಗಿನ ವಿಮಾನಕ್ಕೆ. ಅವಳಿಗೆ ನಾನೊಬ್ಬನೇ ಸೋದರಮಾವ. ಸಂಜೆಯ ಗೋಧೂಳಿ ಮುಹೂರ್ತಕ್ಕೆ ಅವಳ ಕೈ ಹಿಡಿದು ಮಂಟಪಕ್ಕೆ ಕರೆತರಬೇಕಾದವನು ನಾನು. "ಮಾಮಾ, ನೀವು ಬರೂತನಕಾ ನಾ ಖೋಲಿ ಬಿಟ್ಟು ಹೊರಗ ಬರಂಗಿಲ್ಲ," ಎಂದಿದ್ದಳು ಹುಡುಗಿ.

"ಟಿಕೀಟು, ಆಧಾರ್ ಪ್ರಿಂಟ್ ತಗೊಳ್ರಿ," ಎಂದು ಸುಮಿತ್ರಾ ಬಡಕೊಂಡಳು.

"ಇಬ್ಬರದೂ ಫೋನಿನ್ಯಾಗ ಅದಾವು. ಕಾಗದ ಹೊರೂ ಕಾಲ ಹೋತು!"

ಚಾರ್ಜ್ ಉಳಿಯಲೆಂದು ದಾರಿಯಲ್ಲಿ ಫೋನನ್ನೇ ಬಂದ್ ಮಾಡಿದೆ. ಎಂಥ ದೂರದೃಷ್ಟಿ!

ದಾಬೋಲಿಮ್ ವಿಮಾನ ನಿಲ್ದಾಣದ ಬಾಗಿಲಲ್ಲಿ ಅದನ್ನು ಚಾಲೂ ಮಾಡಿದರೆ ಬೆರಳನ್ನು ಒಪ್ಪಲೊಲ್ಲದು. ಬಂದ್ ಆಗಿ ಚಾಲೂ ಆದ ಮೇಲೆ ಮೊದಲು ಸಂಖ್ಯೆಯೇ ಬೇಕಂತೆ. ಬೇಕಾದರೆ ಬೇಕು! ಮದುವೆ ಪತ್ರಿಕೆಯ ಬೆನ್ನ ಮೇಲೆ ಗಂಭೀರವಾಗಿ ಗುಣಾಕಾರ ಶುರುಮಾಡಿದೆ. ಉತ್ತರ ಒತ್ತಿದೆ. ತಪ್ಪು. ಇನ್ನೊಮ್ಮೆ ಗುಣಿಸಿದೆ. ಮತ್ತೂ ತಪ್ಪು. ಹೀಗೆ ಐದು ಸಲ. ಫೋನು ಸಿಟ್ಟಾಗಿ, ಸ್ವಲ್ಪ ಹೊತ್ತು ಮುಟ್ಟಬೇಡ ಎಂದಿತು.

"ಅಂಕಲ್, ಸೈಡ್ ಹೋ ಜಾಯಿಯೇ," ಎಂದ ಕಾವಲಿನವನು. ಗುರುತಿನ ಚೀಟಿಯಿಲ್ಲದೆ ಒಳಗೆ ಬಿಡುವಂತಿಲ್ಲ. ನಮ್ಮ ಕಾರ್ಡುಗಳೆಲ್ಲ ಫೋಂಡಾದ ಕಪಾಟಿನಲ್ಲಿ ಭದ್ರವಾಗಿದ್ದವು.

ರೇಷ್ಮೆ ಸೀರೆಯುಟ್ಟು ಪೆಟ್ಟಿಗೆಯ ಮೇಲೆ ಕುಳಿತಿದ್ದ ಸುಮಿತ್ರಾ ಕೇಳಿದಳು, "ನಿಮ್ಮ ಕ್ಲಾಸಿನ್ಯಾಗ ಹುಡುಗರು ಹಿಂಗ ಮಾಡಿದ್ರ ಏನ್ ಮಾಡ್ತಿದ್ರಿ?"

"ನಪಾಸು ಮಾಡ್ತಿದ್ದೆ."

ಅವಳು ಮುಖ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಕಡೆಗೂ ಹೊಳೆಯಿತು. ಹದಿನಾರರಿಂದ ಭಾಗವಾಗಬೇಕಾದರೆ ಎರಡರಿಂದ ನಾಲ್ಕು ಸಲ ಗುಣಿಸಬೇಕು. ನಾನು ಮೂರೇ ಸಲ ಗುಣಿಸಿದ್ದೆ. ಎಂಟನೇ ಇಯತ್ತೆಯ ಲ.ಸಾ.ಅ. ಲೆಕ್ಕ! ಸರಿಯಾದ ಸಂಖ್ಯೆ ಒತ್ತಿದೆ, ಫೋನು ತೆರೆಯಿತು. ನಮ್ಮ ವಿಮಾನ ಆಗಲೇ ತಲೆಯ ಮೇಲೆ ಹಾರಿಹೋಗಿತ್ತು. ಸಂಜೆಯೊಳಗೆ ದೆಹಲಿ ಮುಟ್ಟುವ ಬೇರೆ ಸೀಟು ಸಿಗಲಿಲ್ಲ. ತಂಗಿಗೆ ಫೋನು ಮಾಡಿ ಹೇಳುವಾಗ ನನ್ನ ಮೇಲೆ ನನಗೇ ಹೇಸಿಗೆ ಬಂತು.

ಮನೆಗೆ ಬಂದು ಸುಮಿತ್ರಾ ಮಾಡಿದ ಮೊದಲ ಕೆಲಸ ಬೀಗ ಬದಲಿಸಿದ್ದು. ಈಗ ಅದು ೧೧೧೧.

"ಈ ಸಂಖ್ಯೆದ ವಿಶೇಷ ಏನು?" ಎಂದೆ, ಅವಳನ್ನು ಮಾತಿಗೆಳೆಯಲು.

"ನಿಮಗೂ ನೆನಪಿರ್ತದ."

ಮರುದಿನ ಪಲ್ಲವಿಯೇ ಫೋನು ಮಾಡಿದಳು. ಕೈ ಹಿಡಿದು ಯಾರು ಕರೆತಂದರೆಂದು ಅಳುಕುತ್ತಲೇ ಕೇಳಿದೆ.

"ಅಡಗೀ ಗುತ್ತಿಗಿ ಹಿಡಿದಿದ್ರಲ್ಲ ಮಾಮಾ, ಅವ್ರು. ಭಾಳ ಚಲೋ ಮನಷ್ಯಾರು. ಹೊತ್ತಿಗೆ ಸರಿಯಾಗಿ ಅಲ್ಲೇ ಇದ್ರು."

ಆ ಪುಣ್ಯಾತ್ಮನ ಫೋನಿಗೆ ಬೀಗವೇ ಇದ್ದಿರಲಿಕ್ಕಿಲ್ಲ!