ಬರಣಿಗೆ ತುಂಬಿದ ಟೆನ್ಷನ್

"ಟೆನ್ಷನ್ ಅಂದ್ರ ಹೊಗಿ ಇದ್ದಂಗ. ಹೀರಿ ತಗದ್ರ ತಲಿ ಹಗುರ!" ಎಂದು ನಮ್ಮವರು ಪ್ರೆಸ್ಸಿನ ನಡುವೆ ನಿಂತು ಭಾಷಣ ಬಿಗಿದರು. ಕೈಯಲ್ಲಿ ಸ್ಟೀಲಿನ ಟೊಪ್ಪಿಗೆ, ಅದಕ್ಕೊಂದು ರಬ್ಬರಿನ ಕೊಳವೆ, ಕೊಳವೆಯ ತುದಿಗೆ ನನ್ನ ಉಪ್ಪಿನಕಾಯಿಯ ಗಾಜಿನ ಬರಣಿ. ಪಾಲಿಟೆಕ್ನಿಕ್ಕಿನ ಮಾಸ್ತರಿಕೆಯಿಂದ ನಿವೃತ್ತರಾದ ಮೇಲೆ ನನ್ನ ಗಂಡ ಹೀಗೆ ಯಂತ್ರ ಕಟ್ಟುತ್ತಲೇ ಇದ್ದಾರೆ. ಹೋದ ಸಲದ ರೊಟ್ಟಿ ಬಡಿಯುವ ಯಂತ್ರ ರೊಟ್ಟಿ ಬಿಟ್ಟು ಅಡುಗೆಮನೆಯ ಗೋಡೆ ಬಡಿದಿತ್ತು. ಅದಕ್ಕೇ ನಾನು ಬಾಗಿಲ ಹತ್ತಿರ ನಿಂತಿದ್ದೆ.

ಗದಗಿನ ಆ ಪ್ರೆಸ್ಸಿನಲ್ಲಿ ಮದುವೆ ಪತ್ರಿಕೆಗಳ ಆರ್ಡರ್ ಹಿಡಿಯುವುದು ನನ್ನ ಕೆಲಸ. ಮದುವೆಗಳ ಕಾಲ, ಲಗ್ನಸರಾಯಿ ಬಂತೆಂದರೆ ನಮಗೆಲ್ಲ ಗ್ರಹಚಾರ. ಪತ್ರಿಕೆ ಅಚ್ಚಾದ ಮೇಲೆ ಬೀಗರು ಓಡಿ ಬರುತ್ತಾರೆ: ದೊಡ್ಡ ಕಾಕಾನ ಹೆಸರು ಸಣ್ಣ ಕಾಕಾನ ಕೆಳಗೆ ಬಂದಿದೆ, ಸೋದರಮಾವನನ್ನು ಬಿಟ್ಟೇಬಿಟ್ಟಿದ್ದೀರಿ! ಹೆಸರು ಕೊಟ್ಟವರು ಅವರೇ. ಬೈಸಿಕೊಳ್ಳುವವಳು ಮಾತ್ರ ಕಂಪ್ಯೂಟರಿನ ಮುಂದೆ ಕೂತು ಪತ್ರಿಕೆ ಜೋಡಿಸುವ ನಮ್ಮ ಗಿರಿಜವ್ವ. ಅವಳ ಮಗಳಿಗೆ ನರಗುಂದದಲ್ಲಿ ದಿನ ತುಂಬಿದ್ದವು. ಚೊಚ್ಚಲ ಹೆರಿಗೆ. ಎಂಟು ದಿನ ರಜೆ ಕೊಡಿ ಎಂದು ಅವಳು ಗೋಗರೆಯುತ್ತಿದ್ದರೆ ಪ್ರೆಸ್ಸಿನ ಮಾಲೀಕ ಈರಪ್ಪ ಸಾಹುಕಾರರು ಲಗ್ನಸರಾಯಿ ಮುಗಿಯಲಿ ಎನ್ನುತ್ತಿದ್ದರು. ತಲೆನೋವು ಎಂದರೆ ಚಹಾ ತರಿಸುತ್ತಿದ್ದರು. ಅವರ ಔಷಧಿಯೆಲ್ಲ ಅಷ್ಟೇ!

ನಮ್ಮವರ ಯಂತ್ರಕ್ಕೆ ಅವರು ಒಪ್ಪಿದ್ದೂ ಕೆಲಸ ಎರಡರಷ್ಟಾಗುತ್ತದೆ ಎಂಬ ಆಸೆಗೆ. ಮೊದಲು ನಿಮ್ಮ ತಲೆಗೇ ಇಡೋಣ ಎಂದಾಗ ಮಾತ್ರ ದೂರ ಸರಿದರು. "ನಾ ಟೆನ್ಷನ್ ತಗೊಳ್ಳಾಂವಲ್ರೀ ಮಾಸ್ತರ. ಕೊಡಾಂವ."

ಟೊಪ್ಪಿಗೆ ಗಿರಿಜವ್ವನ ತಲೆಗೇರಿತು. ನಮ್ಮವರು ಗುಂಡಿ ಒತ್ತಿದರು. ಕೊಳವೆಯೊಳಗೆ ಏನೋ ಸರಿದಾಡಿತು. ನೋಡನೋಡುತ್ತ ಬರಣಿಯ ತಳದಲ್ಲಿ ನೀಲಿ ಹೊಗೆಯೊಂದು ಸುರುಳಿ ಬಿಚ್ಚಿ ಮೇಲೇಳತೊಡಗಿತು. ಎಂಥ ನೀಲಿ ಅಂತೀರಿ! ಅದರೊಳಗೆ ಕಿಡಿಗಳು ಮಿನುಗುತ್ತಿದ್ದವು. ಅದರ ಬೆಳಕಿಗೆ ಟ್ಯೂಬ್‌ಲೈಟು ಮಂಕಾಯಿತು. ಒಬ್ಬ ಹೆಂಗಸಿನ ತಲೆಯೊಳಗೆ ಇಷ್ಟೆಲ್ಲ ಇತ್ತೇ ಎಂದು ನಾನು ಬೆರಗಾಗಿ ನಿಂತೆ. ನಮ್ಮವರ ಕೈಯಿಂದ ಇಂಥದ್ದು ಬಂದೀತೆಂದು ಇಷ್ಟು ವರ್ಷ ಸಂಸಾರ ಮಾಡಿದ ನಾನೇ ಎಣಿಸಿರಲಿಲ್ಲ. ಸುಳ್ಳೇಕೆ, ಕೈಮುಗಿಯಬೇಕು ಅನ್ನಿಸಿತು.

ಗಿರಿಜವ್ವನ ಹೆಗಲು ಇಳಿಯಿತು, ಹಣೆಯ ಗಂಟು ಬಿಚ್ಚಿತು. ಅಚ್ಚಿನ ಮಷಿನ್ ನಡೆಸುವ ಮೌಲಾಸಾಬರೂ ಟೊಪ್ಪಿಗೆ ಹಾಕಿಕೊಂಡರು, ಅವರದು ಕೆಂಪು. ನನ್ನದು ಹಸಿರು ಬಂತು. ಮೂರೂ ಬಣ್ಣ ಸೇರಿ ಬರಣಿ ಗುಂಯ್‌ಗುಡತೊಡಗಿತು.

ಆಮೇಲೆ ಶುರುವಾಯಿತು ನೋಡಿ! ಮೌಲಾಸಾಬರು ಮಷಿನ್ನನ್ನು ಅದರ ಪಾಡಿಗೆ ಬಿಟ್ಟು ಕಾಗದದ ಬಂಡಲಿನ ಮೇಲೆ ಕಾಲು ಚಾಚಿದರು. ಪತ್ರಿಕೆ ಎಲ್ಲಿ ಎಂದು ಮದುವೆ ಹುಡುಗಿಯ ಅಪ್ಪ ಫೋನ್ ಮಾಡಿದರೆ, ಮದುವೆಯೇನು ಓಡಿ ಹೋಗುತ್ತದೆಯೇ ಎಂದು ನಾನೇ ಕೇಳಿಬಿಟ್ಟೆ. ಸೋದರಮಾವನ ಹೆಸರು ಬಿಟ್ಟಿದ್ದರೆ ಪೆನ್ನಿನಲ್ಲಿ ಬರೆದುಕೊಳ್ಳಿ ಎಂದು ಗಿರಿಜವ್ವ ನಕ್ಕಳು. ಮರುದಿನ ಕೊಡಬೇಕಾದ ಪತ್ರಿಕೆ ಅರ್ಧವೂ ಆಗಿರಲಿಲ್ಲ. ಸಾಹುಕಾರರು ಕೂಗಿದರು, ಮೇಜು ಗುದ್ದಿದರು. ನಾವು ಅವರನ್ನು ಪ್ರೀತಿಯಿಂದ ನೋಡುತ್ತ ಕೂತೆವು.

ಅವರವರ ಟೆನ್ಷನ್ ಅವರವರಿಗೆ ವಾಪಸು ತುಂಬಿ ಎಂದು ಅವರು ನಮ್ಮವರ ಮೇಲೆ ಹಾರಿಬಿದ್ದರು. ಉಲ್ಟಾ ಗುಂಡಿ ಇನ್ನೂ ಇಟ್ಟಿಲ್ಲ ಎಂದು ನಮ್ಮವರು ಹೇಳುವಷ್ಟರಲ್ಲಿ ಸಾಹುಕಾರರೇ ಬರಣಿಯ ಮುಚ್ಚಳ ಎಳೆದುಬಿಟ್ಟರು.

ಹೊಗೆ ಭರ್ರನೆ ಮೇಲೆದ್ದು ಸೂರಿನ ತುಂಬ ಬಣ್ಣಬಣ್ಣವಾಗಿ ಹರಡಿತು. ಉಸಿರು ಬಿಗಿಹಿಡಿದು ಎಲ್ಲರೂ ತಲೆ ಎತ್ತಿದೆವು. ಅದು ನಮ್ಮೊಬ್ಬೊಬ್ಬರನ್ನೂ ಮೂಸಿ ನೋಡಿತು. ಆರಾಮಾಗಿ ಕೂತವರಲ್ಲಿ, ಟೆನ್ಷನ್ ಕೊಡುವವರಲ್ಲಿ ಅದಕ್ಕೇನು ಕೆಲಸ? ಅಲ್ಲಿ ಇನ್ನೂ ದುಡಿಯುತ್ತಿದ್ದದ್ದು ಅಚ್ಚಿನ ಮಷಿನ್ ಒಂದೇ. ಹೊಗೆಯೆಲ್ಲ ಅದರ ಹೊಟ್ಟೆ ಸೇರಿತು.

ಮಷಿನ್ ಒಮ್ಮೆ ಬೆಚ್ಚಿತು. ಮರುಗಳಿಗೆ ಹುಚ್ಚೆದ್ದು ಓಡತೊಡಗಿತು! ಕಪಾಟಿನ ಕಾಗದವನ್ನು ತಾನೇ ಸೆಳೆದುಕೊಂಡು ಆ ಮದುವೆಯದ್ದು, ಮುಂದಿನ ವಾರದ್ದು, ಇನ್ನೂ ಹುಡುಗಿ ನೋಡಲು ಹೋಗದವರದ್ದು ಎಲ್ಲ ಪತ್ರಿಕೆ ಅಚ್ಚು ಹಾಕಿತು. ಎಲ್ಲ ಕಾಕಾಗಳೂ ಸರಿಯಾದ ಸಾಲಿನಲ್ಲಿದ್ದರು. ಇಂಥ ಪವಾಡ ಕಣ್ಣಾರೆ ಕಂಡೆವಲ್ಲ ಎಂದು ನನ್ನ ಮೈ ಜುಮ್ಮೆಂದಿತು. ಕೊನೆಗೆ ಅದು ಗಡಗಡ ನಡುಗಿ, ಮಸಿ ಸುರಿಸಿ, ನಿಂತುಬಿಟ್ಟಿತು. ಮುಟ್ಟಿದರೆ ಮೈ ಕೆಂಡ.

ಸಾಹುಕಾರರು ಓಡಿ ಹೋಗಿ ತಣ್ಣೀರು ಬಟ್ಟೆ ತಂದರು. ಉಪ್ಪು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ಅದರ ಬೆನ್ನು ಸವರುತ್ತ, "ಭಾಳ ದುಡದೈತಿ ಪಾಪ. ಎಂಟು ದಿನ ರಜಾ ಕೊಡ್ರಿ ಇದಕ್ಕ," ಎಂದರು.

ಗಿರಿಜವ್ವ ಚೀಲ ಹೆಗಲಿಗೇರಿಸಿದಳು. ಸಾಹುಕಾರರು ಕಣ್ಣು ಕೆಂಪಗೆ ಮಾಡಿದರು. "ನೀ ಎಲ್ಲಿಗೆ ಹೊಂಟಿ? ನೀ ಏನ್ ಮಷಿನ್ ಏನು?"

ಬೇರೆ ದಿನವಾಗಿದ್ದರೆ ಅವಳು ತಲೆ ತಗ್ಗಿಸಿ ಮತ್ತೆ ಕೂರುತ್ತಿದ್ದಳು. ಇವತ್ತು ಅವಳ ತಲೆಯಲ್ಲಿ ಹೆದರಿಕೆಯ ಹೊಗೆ ಇರಲಿಲ್ಲ. "ಅಲ್ರೀ ಸಾಹುಕಾರ್ರ," ಎಂದಳು ಮೆಲ್ಲಗೆ. "ಮಷಿನ್ ಆಗಿದ್ರ ನಂಗೂ ಕೇಳಲಾರದನ ರಜಾ ಸಿಗತಿತ್ತು."

ಅವಳು ನರಗುಂದದ ಬಸ್ಸು ಹತ್ತಿದಳು. ಮಗಳ ಹೆರಿಗೆಗೆ ಸರಿಯಾಗಿ ಮುಟ್ಟಿ, ಮೊಮ್ಮಗಳನ್ನು ಮೊದಲು ಎತ್ತಿಕೊಂಡವಳೂ ಅವಳೇ.

ರಜೆ ಮುಗಿಸಿ ಗಿರಿಜವ್ವ ಕೆಲಸಕ್ಕೆ ಬಂದಿದ್ದಾಳೆ. ಮಷಿನ್ ಮಾತ್ರ ಇನ್ನೂ ಹಾಜರಾಗಿಲ್ಲ. ಅದರ ಸಂಬಳ ಮುರಿಯುವುದು ಹೇಗೆಂದು ತಿಳಿಯದೆ ಸಾಹುಕಾರರಿಗೆ ಈಗ ಟೆನ್ಷನ್ ಶುರುವಾಗಿದೆ.