ಈ ಓಣಿಯ ಯಾವಳೋ ಒಬ್ಬಳು

ಎವ್ರಾರನ ಗ್ರಹಚಾರ ಕೆಟ್ಟದ್ದು ಅವನ ಗುರು ಬೊನಿಫಾಸರ ಹಲ್ಲುನೋವಿನಿಂದ. ಪರೀಕ್ಷೆ ಶುರುವಾಗಿ ಶಿಷ್ಯರು ಕೂತ ಒಣಹುಲ್ಲು ಇನ್ನೂ ಬೆಚ್ಚಗಾಗಿರಲಿಲ್ಲ, ಗುರುಗಳ ಬಲಗಡೆಯ ದವಡೆಹಲ್ಲು ಕೈಕೊಟ್ಟಿತು. "ಸಂಜೆ ಪ್ರಾರ್ಥನೆ ಹೊತ್ತಿಗೆ ಬರ್ತೀನಿ" ಎಂದು ಕೆನ್ನೆ ಹಿಡಿದುಕೊಂಡು ಎದ್ದು ಹೋದರು. ಹೋಗುವ ಮುಂಚೆ "ಕಾಲ ಮುಗಿಯಿತು" ಎನ್ನಬೇಕಾಗಿತ್ತು. ಅನ್ನಲಿಲ್ಲ.

ಹಲ್ಲುನೋವಿನಲ್ಲೂ ಅವರು ಓಣಿಯ ಆ ತುದಿಯಿಂದ ಹೋಗಲಿಲ್ಲ; ಯಾವಾಗಿನಂತೆ ನದಿಯ ಕಡೆಯಿಂದ ಸುತ್ತಿಕೊಂಡು ಹೋದರು. ಆ ತುದಿಯಲ್ಲಿ ಎರ್ಮೆಲಿನಕ್ಕನ ಬೋಟಿ ಅಂಗಡಿಯಿದೆ. ಅದರ ವಾಸನೆ ತನಗಾಗದು ಎಂದು ಗುರುಗಳು ಹೇಳಿಕೊಳ್ಳುತ್ತಿದ್ದರು.

ಆ ಪರೀಕ್ಷೆಯ ವಿಷಯ ಹೇಳಿಬಿಡುತ್ತೇನೆ. ತರ್ಕ ಕಲಿಸುವ ಗುರು ಒಂದು ಶುದ್ಧ ಸುಳ್ಳು ಹೇಳುತ್ತಾರೆ. ಶಿಷ್ಯ ಅದನ್ನು ನಿಜವೆಂದು ಒಪ್ಪಿಕೊಳ್ಳಬೇಕು. ಆಮೇಲೆ ಯಾರು ಏನೇ ಕೇಳಲಿ, ಆ ಸುಳ್ಳಿನಿಂದ ಹುಟ್ಟುವ ಮಾತಾದರೆ "ಒಪ್ಪಿದೆ" ಎನ್ನಬೇಕು. ಅದಕ್ಕೆ ಸಂಬಂಧವಿಲ್ಲದ ಮಾತಾದರೆ ಲೋಕದಲ್ಲಿ ಇದ್ದದ್ದನ್ನು ಇದ್ದಂತೆ ಹೇಳಬೇಕು; ನಿಜವಾದರೆ "ಒಪ್ಪಿದೆ", ಸುಳ್ಳಾದರೆ "ಅಲ್ಲಗಳೆದೆ". ಮೊದಲು ಆಡಿದ್ದಕ್ಕೆ ವಿರುದ್ಧ ಆಡಿದರೆ ಸೋತ. ಬಾಯಿ ಮುಚ್ಚಿಕೊಂಡರೂ ಸೋತ. ಗುರು "ಕಾಲ ಮುಗಿಯಿತು" ಎನ್ನುವವರೆಗೆ ಬಿಡುಗಡೆಯಿಲ್ಲ. ಇದರಿಂದ ಯಾರಿಗೇನು ಉಪಯೋಗ ಎಂದು ಜೋಡು ಹೊಲಿಯುವ ಗಾರಿನ್ ಒಮ್ಮೆ ಕೇಳಿದ್ದ. ಇಡೀ ಪ್ಯಾರಿಸ್ಸಿನಲ್ಲಿ ಯಾರೂ ಅವನಿಗೆ ಉತ್ತರ ಕೊಟ್ಟಿರಲಿಲ್ಲ.

ಆ ಬೆಳಿಗ್ಗೆ ಎವ್ರಾರನಿಗೆ ಸಿಕ್ಕ ಸುಳ್ಳು ಇದು: "ಈ ಹೆಬ್ಬಾತು ಓಣಿಯ ಯಾವಳೋ ಒಬ್ಬಳು ನಿನ್ನ ಹೆಂಡತಿ."

ಎವ್ರಾರ್ ಒಳಗೊಳಗೇ ಹಿಗ್ಗಿದ. ಹೋದ ವರ್ಷದವನಿಗೆ "ನೀನು ಕತ್ತೆ" ಎಂದು ಕೊಟ್ಟಿದ್ದರು. ಆ ಬಡಪಾಯಿ ಮಧ್ಯಾಹ್ನದೊಳಗೆ ತನಗೆ ಬಾಲವಿದೆಯೆಂದು ಒಪ್ಪಿಕೊಂಡು, ಎಲ್ಲಿ ತೋರಿಸು ಎಂದಾಗ ಊರು ಬಿಟ್ಟು ಹೋಗಿದ್ದ. ಅದರ ಮುಂದೆ ಇದು ಬೆಣ್ಣೆಯಲ್ಲಿ ಕೂದಲು ತೆಗೆದಂತೆ. "ಒಪ್ಪಿದೆ" ಎಂದ.

ಗೆದ್ದರೆ ಪಾಠ ಹೇಳುವ ಪರವಾನಗಿ. ಪರವಾನಗಿ ಸಿಕ್ಕರೆ ತ್ರುವಾ ಊರಿನ ಶಾಲೆಯಲ್ಲಿ ತರ್ಕದ ಉಪಾಧ್ಯಾಯನ ಕೆಲಸ, ಇರಲು ಮನೆ, ಚಳಿಗೆ ಸೌದೆ. ವರ್ಷಗಟ್ಟಲೆ ಶಾಲೆಯ ಒಣಹುಲ್ಲಿನ ಮೇಲೆ ಕೂತು ಸವೆದ ಮನುಷ್ಯನಿಗೆ ಅದು ಸ್ವರ್ಗವೇ. ಸೋತರೆ ಆ ಕೆಲಸ ಸಹಪಾಠಿ ತಿಬೋನಿಗೆ. ಈ ತಿಬೋ ಎಂಥವನೆಂದರೆ, ಯಾರ ಮನೆಯಲ್ಲಿ ಹಾಲು ಒಡೆದರೂ ಓಣಿಗೆಲ್ಲ ಸುದ್ದಿ ಮುಟ್ಟಿಸಿ ಆಮೇಲೆ ಆ ಮನೆಯವರಿಗೆ ಸಮಾಧಾನ ಹೇಳುವವನು.

"ಗುರುಗಳು 'ಕಾಲ ಮುಗಿಯಿತು' ಅನ್ಲೇ ಇಲ್ಲ, ಗಮನಿಸಿದ್ಯಾ?" ಎಂದ ತಿಬೋ.

"ನೋವಲ್ಲಿ ಮರೆತ್ರು ಕಣೋ."

"ಮರೆತ್ರೂ ಅಷ್ಟೇ, ಮರೀದಿದ್ರೂ ಅಷ್ಟೇ. ನೀನಿನ್ನೂ ಪರೀಕ್ಷೆಯ ಕಟ್ಟಿನಲ್ಲೇ ಇದ್ದೀಯ. ನಿನಗೆ ಮದುವೆ ಆಗಿದೆಯಾ?"

ಎವ್ರಾರ್ ಹಲ್ಲು ಕಚ್ಚಿದ. "ಒಪ್ಪಿದೆ."

"ಹೆಂಡ್ತಿ ಈ ಓಣಿಯವಳೇನಾ? ಸ್ವಲ್ಪ ಜೋರಾಗಿ ಹೇಳು, ಕಿಟಕಿ ತೆಗೆದಿದೆ."

"ಒಪ್ಪಿದೆ."

ಕಿಟಕಿಯ ಕೆಳಗೇ ಗಾರಿನ್‌ನ ಅಂಗಡಿ. ಎವ್ರಾರ್ ಮೆಟ್ಟಿಲಿಳಿದು ಬೀದಿಗೆ ಕಾಲಿಡುವಷ್ಟರಲ್ಲಿ ಅವನು ತೊಗಲು ಚುಚ್ಚುವ ದಬ್ಬಳ ಹಿಡಿದು ಬಾಗಿಲಿಗೇ ಬಂದು ನಿಂತಿದ್ದ.

"ಏನಪ್ಪಾ, ಓಣಿಯ ಯಾವಳೋ ಒಬ್ಬಳು ಅಂದ್ಯಂತೆ. ಯಾವಳು?"

"ಅದು ಗೊತ್ತಿಲ್ಲ, ಗಾರಿನಣ್ಣ."

"ಹೆಂಡ್ತಿ ಯಾರು ಅಂತ ಗೊತ್ತಿಲ್ದೆ ಸಂಸಾರ ಮಾಡ್ತಿದ್ದೀಯಾ? ನನ್ನ ಹೆಂಡ್ತಿ ಏನು ನಿನ್ನ ಹೆಂಡ್ತಿ?"

"ಅಲ್ಲಗಳೆದೆ."

"ನೆಟ್ಟಗೆ ಮಾತಾಡು."

"ಅಲ್ಲ ಅಣ್ಣ, ಖಂಡಿತ ಅಲ್ಲ."

ಗಾರಿನ್‌ನ ಹೆಂಡತಿ ಗಂಡನ ಹೆಗಲ ಮೇಲಿಂದ ಇಣುಕಿದಳು. "ಅಷ್ಟೊಂದು ಖಂಡಿತ ಯಾಕೋ? ನನಗೇನಾಗಿದೆ? ಇವನನ್ನೇ ಕೇಳು. ಹೆಂಡದಂಗಡೀಲಿ ನಾಲ್ಕು ಜನರ ಮುಂದೆ 'ನೀನು ನನ್ನ ಹೆಂಡ್ತಿ' ಅಂದ, ನಾನು ಹೂಂ ಅಂದೆ. ಅಷ್ಟೇ ನಮ್ಮ ಮದುವೆ. ಬೆಳಿಗ್ಗೆ ಎದ್ದು 'ನೀನ್ಯಾರು' ಅಂದ."

"ಅದೀಗ ಯಾಕೆ?" ಎಂದು ಗಾರಿನ್ ದಬ್ಬಳ ಕೆಳಗಿಳಿಸಿದ.

ಆಮೇಲೆ ಸಾಲು ಹತ್ತಿತು. ಹೆಂಡದಂಗಡಿಯವನು ತನ್ನ ಹೆಂಡತಿಯನ್ನು ರಟ್ಟೆ ಹಿಡಿದು ಎಳೆದುಕೊಂಡು ಬಂದ, ಎವ್ರಾರ್ ಅಲ್ಲಗಳೆದ. ಬಟ್ಟೆ ಒಗೆಯುವ ಅಕ್ಕತಂಗಿಯರು ತಾವಾಗಿಯೇ ಬಂದರು. ಇಬ್ಬರನ್ನೂ ಅಲ್ಲಗಳೆದ, ತಂಗಿ ಒದ್ದೆ ಬಟ್ಟೆಯಿಂದ ಒಂದು ಬಾರಿಸಿ ಹೋದಳು. ಮೇಣದಬತ್ತಿ ಮಾಡುವ ಅಗಾಸಜ್ಜಿ ತಲೆಗೆ ಮಡಿಸಿದ ಹೊಸ ಬಟ್ಟೆ ಕಟ್ಟಿಕೊಂಡು ಬಂದಳು.

"ನಾನೇನಾ ಮಗಾ?"

"ಅಲ್ಲ ಅಜ್ಜಿ."

"ಅವಸರ ಇಲ್ಲ. ಇನ್ನೊಂದ್ಸಲ ಯೋಚ್ನೆ ಮಾಡು."

"ಅಲ್ಲಗಳೆದೆ ಅಜ್ಜಿ" ಎಂದು ಎವ್ರಾರ್ ತಲೆ ತಗ್ಗಿಸಿದ. ಅಜ್ಜಿಯ ಮುಖ ನೋಡಿ ಅವನಿಗೆ ನಿಜವಾಗಿಯೂ ಪಾಪ ಅನ್ನಿಸಿತು.

ತಿಬೋ ಇಷ್ಟೂ ಹೊತ್ತು ಗೋಡೆಗೊರಗಿ ನಗುತ್ತಿದ್ದ. ಆ ನಗೆ ಕಂಡಾಗಲೇ ಎವ್ರಾರನಿಗೆ ಲೆಕ್ಕ ಹೊಳೆದದ್ದು. ಓಣಿಯ ಒಬ್ಬಳು ಹೆಂಡತಿ ಎಂದು ಒಪ್ಪಿಯಾಗಿದೆ. ಇವಳಲ್ಲ, ಇವಳಲ್ಲ ಎನ್ನುತ್ತಾ ಹೋದರೆ ಕೊನೆಗೆ ಉಳಿದವಳು ಹೆಂಡತಿಯಾಗಲೇಬೇಕು. ಅವಳನ್ನೂ ಅಲ್ಲವೆಂದರೆ ಮೊದಲ ಮಾತು ಮುರಿಯಿತು, ಪರೀಕ್ಷೆ ಹೋಯಿತು, ತ್ರುವಾ ಹೋಯಿತು. ಓಣಿಯಲ್ಲಿ ಇನ್ನು ಉಳಿದವರು ಇಬ್ಬರೇ: ರೊಟ್ಟಿ ಸುಡುವವನ ಮಗಳು ಮಾರ್ಸಿಲಿ ಮತ್ತು ಬೋಟಿ ಅಂಗಡಿಯ ವಿಧವೆ ಎರ್ಮೆಲಿನಕ್ಕ.

ಮಾರ್ಸಿಲಿಯ ವಿಷಯದಲ್ಲಿ ಎವ್ರಾರನಿಗೆ ಮೊದಲಿನಿಂದಲೂ ಒಂದು ಥರ. ಬೇಕಿಲ್ಲದಿದ್ದರೂ ರೊಟ್ಟಿ ಕೊಳ್ಳುತ್ತಿದ್ದ. ಉಪಾಧ್ಯಾಯನಾಗಬೇಕಾದವನು ಮದುವೆಯಾಗುವಂತಿಲ್ಲ, ಅದು ನಿಯಮ. ಆದರೆ ಸಂಜೆಯವರೆಗೆ, ಆಟದ ಮಟ್ಟಿಗೆ, ಅವಳನ್ನು ನೋಡಿ "ಇವಳು ನನ್ನ ಹೆಂಡತಿ" ಎಂದರೆ ಯಾರಪ್ಪನ ಗಂಟು ಹೋಗುತ್ತದೆ? ಮೊದಲು ಎರ್ಮೆಲಿನಕ್ಕನನ್ನು ಅಲ್ಲಗಳೆದುಬಿಟ್ಟರೆ ಸರಿ. ಅವನು ನಿಲುವಂಗಿ ಎತ್ತಿ ಹಿಡಿದು ಬೋಟಿ ಅಂಗಡಿಯ ಕಡೆಗೆ ಓಡಿದ.

ಅರ್ಧ ದಾರಿಯಲ್ಲಿ ಮಾರ್ಸಿಲಿ ಎದುರಾದಳು. ಕೈಯೆಲ್ಲ ಹಿಟ್ಟು, ಮುಖ ಒಲೆಯಂತೆ ಕೆಂಪು.

"ಓಣಿಯೋರೆಲ್ಲ ನನ್ನ ಮುಖ ನೋಡಿ ನಗ್ತಿದ್ದಾರೆ. ಎಲ್ಲರ ಮುಂದೇನೇ ಹೇಳು. ನಾನು ನಿನ್ನ ಹೆಂಡ್ತೀನಾ?"

"ಮಾರ್ಸಿಲಿ, ಒಂದು ಗಳಿಗೆ ತಡಿ. ನಾನು ಅಂಗಡಿಗೆ ಹೋಗಿ ಬಂದ್ಮೇಲೆ ಇದನ್ನೇ ಕೇಳು, ನಿನ್ನ ಕಾಲಿಗೆ ಬೀಳ್ತೀನಿ."

"ಉತ್ತರ ಕೊಡ್ಬೇಕು" ಎಂದ ತಿಬೋ ಹಿಂದಿನಿಂದ. "ಬಾಯಿ ಮುಚ್ಚಿದ್ರೆ ಸೋತ ಹಾಗೆ."

ಇನ್ನೂ ಇಬ್ಬರು ಉಳಿದಿದ್ದರಿಂದ ಮಾರ್ಸಿಲಿಯೇ ಹೆಂಡತಿ ಎಂದು ಯಾವ ತರ್ಕದಿಂದಲೂ ಹುಟ್ಟುವುದಿಲ್ಲ. ಹುಟ್ಟದ ಮಾತಿಗೆ ಇದ್ದದ್ದನ್ನೇ ಹೇಳಬೇಕು.

"ಅಲ್ಲಗಳೆದೆ" ಎಂದ ಎವ್ರಾರ್. ದನಿ ಅವನಿಗೇ ಕೇಳಿಸಲಿಲ್ಲ.

"ಅಲ್ವಾ?" ಎಂದಳು ಮಾರ್ಸಿಲಿ. ಸಿಟ್ಟೆಲ್ಲ ಇಳಿದುಹೋಗಿತ್ತು. "ಸರಿ ಬಿಡು. ನಾನೇ ಏನೇನೋ ಅಂದ್ಕೊಂಡೆ." ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡು ಹೊರಟುಹೋದಳು. ಎವ್ರಾರನಿಗೆ ತರ್ಕಶಾಸ್ತ್ರ ಕಲಿತದ್ದಕ್ಕೆ ಮೊದಲ ಸಲ ನಾಚಿಕೆಯಾಯಿತು.

ಅಷ್ಟರಲ್ಲಿ ತಿಬೋ ಎರ್ಮೆಲಿನಕ್ಕನನ್ನು ಕರೆದುಕೊಂಡೇ ಬಂದಿದ್ದ. ಹಿಂದೆ ಇಡೀ ಓಣಿ. ಎರ್ಮೆಲಿನಕ್ಕ ಬಾಗಿಲು ತುಂಬ ಬೆಳೆದ ಹೆಂಗಸು. ಇಬ್ಬರು ಗಂಡಂದಿರನ್ನು ಮಣ್ಣು ಮಾಡಿದವಳು. ಕೈಯಲ್ಲಿ ಬೋಟಿ ಸೀಳುವ ಚಾಕು ಹಾಗೇ ಇತ್ತು.

"ಏನೋ, ನನ್ನ ಬಗ್ಗೆ ಏನೋ ಅಂತಿದ್ದೀಯಂತೆ. ನಾನು ನಿನ್ನ ಹೆಂಡ್ತೀನಾ?"

ಎವ್ರಾರ್ ಆಕಾಶ ನೋಡಿದ. ಅಲ್ಲಿ ಸಹಾಯ ಕಾಣಲಿಲ್ಲ. ತ್ರುವಾದ ಮನೆ ಕಂಡಿತು, ಸೌದೆ ಕಂಡಿತು.

"ಒಪ್ಪಿದೆ" ಎಂದ.

"ಹಾಗಂದ್ರೆ?"

"ಹೌದು ಅಕ್ಕ. ನೀನು ನನ್ನ ಹೆಂಡ್ತಿ."

ಎರ್ಮೆಲಿನಕ್ಕ ಸ್ವಲ್ಪ ಹೊತ್ತು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಸಂತೆಯಲ್ಲಿ ಕುರಿ ನೋಡುವ ಹಾಗೆ. ಚಾಕುವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಹಾಗಾದ್ರೆ ನನಗೂ ಒಪ್ಪಿಗೆ. ನೀನು ನನ್ನ ಗಂಡ. ಇವತ್ತಿನಿಂದ ಅಕ್ಕ ಅನ್ಬೇಡ."

ಓಣಿ ಹೋ ಎಂದಿತು. ಆ ಗದ್ದಲದ ನಡುವೆ ಗುರು ಬೊನಿಫಾಸರು ಬಂದು, ಎಲ್ಲರಿಗೂ ಕೇಳುವ ಹಾಗೆ "ಕಾಲ ಮುಗಿಯಿತು" ಎಂದರು.

ಎವ್ರಾರ್ ಅವರ ಕಾಲಿಗೇ ಬಿದ್ದ. "ಗೆದ್ದೆ ಗುರುಗಳೇ. ಒಂದು ಮಾತೂ ತಪ್ಪಲಿಲ್ಲ. ಇನ್ನು ಇವಳು ನನ್ನ ಹೆಂಡ್ತಿ ಅಲ್ಲ."

"ಅದು ಹೇಗಪ್ಪಾ?" ಎಂದ ಗಾರಿನ್. "ನಾವೆಲ್ಲ ಕೇಳಿದ್ವಿ. ನೀನು ಹೆಂಡ್ತಿ ಅಂದೆ, ಅವಳು ಗಂಡ ಅಂದ್ಲು. ನಂದೂ ಹೀಗೇ ಆಗಿದ್ದು. ನಾನೇನು ತಪ್ಪಿಸ್ಕೊಂಡ್ನಾ?"

"ಅದು ಪರೀಕ್ಷೆಗೆ ಆಡಿದ ಮಾತು."

ಬೊನಿಫಾಸರು ಗಡ್ಡ ನೀವಿಕೊಂಡರು. "ಪರೀಕ್ಷೆ ನಿನಗಿತ್ತು. ಆ ಹೆಂಗಸಿಗಿತ್ತಾ? ಅವಳು ಮನಸಾರೆ ಒಪ್ಪಿದ್ದಾಳೆ. ನಿನ್ನ ಮನಸ್ಸಲ್ಲಿ ಏನಿತ್ತು ಅನ್ನೋದು ದೇವರಿಗೆ ಗೊತ್ತು. ಮದುವೆ ತೀರ್ಮಾನಿಸೋ ಬಿಷಪ್ಪರ ನ್ಯಾಯಸ್ಥಾನಕ್ಕೆ ಕಿವಿ ಮಾತ್ರ ಇರೋದು. 'ಹೆಂಡ್ತಿ ಆಗ್ತೀಯ' ಅಂದಿದ್ರೆ ಬರೀ ವಾಗ್ದಾನ ಆಗ್ತಿತ್ತು, ಬಿಡಿಸ್ಕೊಳ್ಳೋಕೆ ದಾರಿ ಇತ್ತು. ನೀನು ವರ್ತಮಾನಕಾಲದಲ್ಲಿ ಹೇಳಿದ್ದೀಯ."

"ಮತ್ತೆ ನನ್ನ ಪರವಾನಗಿ?"

"ಉತ್ತರ ಒಂದಕ್ಕಿಂತ ಒಂದು ಚೆನ್ನಾಗಿತ್ತಂತೆ, ತಿಬೋ ಈಗಷ್ಟೇ ಕಿವಿಯಲ್ಲಿ ಹೇಳಿದ. ನೀನು ಪಾಸು. ಆದ್ರೆ ಮದುವೆ ಆದವನಿಗೆ ತ್ರುವಾದಲ್ಲಿ ಕೆಲಸ ಇಲ್ಲ, ನಿನಗೇ ಗೊತ್ತು. ತಿಬೋ, ನಾಳೆ ಹೊರಡು."

ಜನ ಕರಗಿದರು. ಎರ್ಮೆಲಿನ್ ಗಂಡನ ಕೈ ಹಿಡಿದುಕೊಂಡೇ ಅಂಗಡಿಗೆ ನಡೆದಳು. ಆಶ್ಚರ್ಯವೆಂದರೆ ಬೊನಿಫಾಸರೂ ಅವರ ಹಿಂದೆಯೇ, ನೆಟ್ಟಗೆ ಅದೇ ತುದಿಗೆ ನಡೆದರು. ಅಂಗಡಿಯ ಬೆಂಚಿನ ಮೇಲೆ ಕಾಲು ಚಾಚಿ ಕೂತರು.

"ದೊಡ್ಡ ಬಟ್ಟಲಲ್ಲಿ ಹಾಕಮ್ಮ. ಎಷ್ಟು ವರ್ಷ ಆಯ್ತು ತಿಂದು."

"ನೀವಾಗಿ ಬರ್ಲಿಲ್ಲ, ನಾನೇನು ಬೇಡ ಅಂದ್ನಾ?" ಎಂದಳು ಎರ್ಮೆಲಿನ್ ಬಡಿಸುತ್ತಾ. "ಆವತ್ತು ಇದೇ ಬೆಂಚಿನ ಮೇಲೆ ಕೂತು 'ಇಂಥ ಬೋಟಿ ಮಾಡೋಳನ್ನ ಮದುವೆ ಆಗ್ತೀನಿ' ಅಂದೋರು ನೀವು. ಬಿಷಪ್ಪರ ಹತ್ರ ಹೋಗ್ತೀನಿ ಅಂದಾಗಿನಿಂದ ನದಿ ಸುತ್ಕೊಂಡು ಓಡಾಡಿದ್ರಿ."

"ಆಗ್ತೀನಿ ಅಂದಿದ್ದೆ. ಭವಿಷ್ಯತ್ಕಾಲ" ಎಂದರು ಬೊನಿಫಾಸರು. "ಇವತ್ತು ನೀನು ಇವನನ್ನ ಕಟ್ಕೊಂಡ್ಮೇಲೆ ಅದು ತಾನಾಗೇ ಬಿದ್ದುಹೋಯ್ತು." ಹಾಗೆಂದು ಸಾರಿನೊಳಗಿನ ಒಂದು ಎಲುಬನ್ನು ಬಲಗಡೆಯ ದವಡೆಗಿಟ್ಟು ಕಟಕ್ಕೆಂದು ಕಡಿದರು.

ಎವ್ರಾರ್ ಆ ದವಡೆಯನ್ನೇ ನೋಡುತ್ತಾ ನಿಂತ. ಎರ್ಮೆಲಿನ್ ಅವನ ಮುಂದೆ ತೊಳೆಯದ ಬೋಟಿಯ ಬಾನಿ ತಂದಿಟ್ಟಳು.

"ಅಂಗಡಿಯವಳ ಗಂಡ ಬೋಟಿ ತೊಳೀಬೇಕು. ಹೌದೋ ಅಲ್ವೋ?"

"ಒಪ್ಪಿದೆ" ಎಂದ ಎವ್ರಾರ್, ನಿಲುವಂಗಿಯ ತೋಳು ಮಡಚುತ್ತಾ. ಆಮೇಲೆ ಆಸೆಯಿಂದ ಬೆಂಚಿನ ಕಡೆ ನೋಡಿದ. "ಕಾಲ ಮುಗಿಯಿತು" ಎನ್ನಬೇಕಾದವರ ಬಾಯಿ ತುಂಬ ಬೋಟಿಯಿತ್ತು.